ದೋನ್ಯಾ ಎರ್ಮೆಲಿಂದಾ ಎಂಬ ಹೆಸರಿನಲ್ಲಿ ನೋಂದಾಯಿತವಾಗಿರುವ ಸೋರೆಬುರುಡೆಯ ಪಾಲನೆ, ಪೋಷಣೆ ಹಾಗೂ ವಿವಾಹದ ಕುರಿತು

ಜನ ಮತ್ತು ವಸ್ತುಗಳ ಸುಭದ್ರ ಗುರುತು ಇಲಾಖೆ
ಲಾ ತೊರ್ಕಾಸಾ ಶಾಖೆ, ಅಂಚೆ ಕಚೇರಿಯ ಹಿಂದಿನ ಕೋಣೆ

ಸಂಖ್ಯೆ: ಸುಗುಇ/ಲಾತೊ/ಸೋಬು/1, ಭಾಗ 2 (ಭಾಗ 1 ಹುಡುಕಲಾಗುತ್ತಿದೆ)
ದಿನಾಂಕ: ಬುಧವಾರ, ಸೆಪ್ಟೆಂಬರ್ 11

ಸುತ್ತೋಲೆ

ವಿಷಯ: ಶೀರ್ಷಿಕೆಯಲ್ಲಿ ಹೇಳಿದ್ದೇ.

ಉಲ್ಲೇಖ:
1. ಮೊಂತೆವಿದೆಯೊ ಕೇಂದ್ರ ಕಚೇರಿಯ ಆದೇಶ: "ಒಬ್ಬರಿಗೆ ಒಂದೇ ಗುರುತು, ಒಂದು ಗುರುತಿಗೆ ಒಬ್ಬರೇ."
2. ದೋನ್ಯಾ ಎರ್ಮೆಲಿಂದಾ ತೆಚೇರಾ ಅವರ ಮೌಖಿಕ ದೂರು, ಬೀದಿಯಿಂದ.
3. ಅದೇ ದೂರು, ಕಿಟಕಿಯಿಂದ.
4. ಅದೇ ದೂರು, ಮೇಜಿನ ಮುಂದಿನಿಂದ, ಸೌಟಿನ ಸಮೇತ.

ಪ್ರಸ್ತಾವನೆ:

ಊರಿನ ಸಮಸ್ತ ಜನ, ದನ ಮತ್ತು ಬೆಲೆಬಾಳುವ ಸಾಮಾನುಗಳಿಗೆ ಡಿಜಿಟಲ್ ಗುರುತು ನೀಡುವ ಅಭಿಯಾನವನ್ನು ಜುಲೈ 9ರಂದು ಕ್ಲಬ್ಬಿನ ಸಭಾಂಗಣದಲ್ಲಿ ಏರ್ಪಡಿಸಲಾಗಿತ್ತು. ಇಲ್ಲಿ ಜುಲೈ ಎಂದರೆ ಚಳಿಗಾಲ. ಹೀಟರ್ ಕೆಟ್ಟಿತ್ತು. ಸಾಲಿನಲ್ಲಿ ನಿಂತವರೆಲ್ಲ ಕಂಕುಳಲ್ಲಿ ಫ್ಲಾಸ್ಕ್ ಅವುಚಿಕೊಂಡಿದ್ದರು. ಶಾಲೆಯ ನಿವೃತ್ತ ಅಡುಗೆಯವರಾದ ದೋನ್ಯಾ ಎರ್ಮೆಲಿಂದಾ, ವಯಸ್ಸು 71, ತಮ್ಮ ಹಳೆಯ ಸೋರೆಬುರುಡೆಗೆ ಮಾಟೆ ಸೊಪ್ಪು ತುಂಬಿ, ಬಿಸಿನೀರು ಹೊಯ್ದು, ಹೀರುಕೊಳವೆ ಸಿಕ್ಕಿಸಿ ಒಬ್ಬೊಬ್ಬರಿಗೂ ಕೊಡುತ್ತಿದ್ದರು. ಕುಡಿದವರು ಬುರುಡೆ ಹಿಂತಿರುಗಿಸಿದ ಮೇಲೆ ಮುಂದಿನವರಿಗೆ ಮತ್ತೆ ತುಂಬಿಸುತ್ತಿದ್ದರು. ಇದರಲ್ಲಿ ಇಲಾಖೆಗೆ ಯಾವ ಆಕ್ಷೇಪಣೆಯೂ ಇರಲಿಲ್ಲ, ಏಕೆಂದರೆ ಇಲಾಖೆಯೂ ಕುಡಿಯುತ್ತಿತ್ತು.

ದೋನ್ಯಾ ಅವರ ಸರದಿ ಬಂದಾಗ ಅವರ ಹೆಬ್ಬೆಟ್ಟನ್ನು ಯಂತ್ರವು ನಾಲ್ಕು ಬಾರಿ ತಿರಸ್ಕರಿಸಿತು. ನಲವತ್ತು ವರ್ಷ ಪಾತ್ರೆ ತೊಳೆದ ಕೈ, ಗೆರೆಗಳೆಲ್ಲ ಸವೆದಿದ್ದವು, ಜೊತೆಗೆ ತಣ್ಣಗಿತ್ತು. ಆ ಹೊತ್ತಿಗೆ ಬುರುಡೆ ಕರ್ತವ್ಯನಿರತ ಅಧಿಕಾರಿಯ ಕೈಯಲ್ಲಿತ್ತು. ಅವರು ಅದನ್ನು ಹಿಡಿದುಕೊಂಡೇ ಯಂತ್ರದ ನಿಯಮಗಳನ್ನು ವಿವರಿಸತೊಡಗಿದರು. ಸಾಲಿನವರು ಒಕ್ಕೊರಲಿನಿಂದ, "ಏಯ್, ಅದು ಮೈಕ್ ಅಲ್ಲಪ್ಪಾ! ಕುಡಿದು ಈಚೆ ಕೊಡು!" ಎಂದು ಕೂಗಿದರು. ಗಾಬರಿಗೊಂಡ ಅಧಿಕಾರಿ ಗುಟುಕರಿಸಿ, ಬಲಗೈ ಖಾಲಿ ಮಾಡಿಕೊಳ್ಳಲು ಬುರುಡೆಯನ್ನು ಎದುರಿಗಿದ್ದ ಜಾಗದಲ್ಲಿ ಇಟ್ಟರು. ಎದುರಿಗಿದ್ದ ಜಾಗ ಯಂತ್ರದ ಗಾಜು. ಬೆಚ್ಚಗೂ ಒದ್ದೆಯಾಗಿಯೂ ಇರುವುದನ್ನು ಜೀವಂತವೆಂದು ನಂಬುವ ಸದರಿ ಯಂತ್ರವು ಹಸಿರು ದೀಪ ಬೆಳಗಿ, ತಾನಾಗಿಯೇ ಫೋಟೋ ತೆಗೆದು, "ಇವರೇನಾ?" ಎಂದು ಕೇಳಿತು. ಅಧಿಕಾರಿ "ಹೌದು" ಒತ್ತಿದರು. ಕಚೇರಿಯ ಘನತೆಯ ದೃಷ್ಟಿಯಿಂದ ಅವರ ಹೆಸರನ್ನು ಬಹಿರಂಗಪಡಿಸಲಾಗುವುದಿಲ್ಲ. ಈ ಸುತ್ತೋಲೆಗೆ ಸಹಿ ಮಾಡುವವರೂ ಅವರೇ.

ಅಂದು ಇದೇ ಯಂತ್ರದಲ್ಲಿ ಬಿಸಿ ಎಂಪನಾದಾ ಒಂದು, ಅಂದರೆ ಮಾಂಸ ತುಂಬಿದ ಕಡುಬು, ಅವಿವಾಹಿತ ಪುರುಷನೆಂದು ನೋಂದಾಯಿತವಾಗಿದ್ದು, ಪ್ರಮಾಣಪತ್ರ ಮುದ್ರಣವಾಗುವ ಮೊದಲೇ ತಿನ್ನಲ್ಪಟ್ಟಿದೆ. ತಿಂದವರ ಗುರುತು ಸುಭದ್ರವಾಗಿದೆ.

ಬುರುಡೆಯ ವಿಚಾರ ಬೆಳಕಿಗೆ ಬಂದದ್ದು ಮೊನ್ನೆ ಸೋಮವಾರ. ದೋನ್ಯಾ ಎರ್ಮೆಲಿಂದಾ ಮತ್ತು ಲಾರಿ ತೂಗುವ ತೂಕಸೇತುವೆಯ ಮಾಜಿ ಕಾವಲುಗಾರ ದೋನ್ ಒಲಿಂಪಿಯೋ ಬಿದೆಗಾಯಿನ್ ಹತ್ತೊಂಬತ್ತು ವರ್ಷಗಳಿಂದ ಒಂದೇ ಬುರುಡೆಯಲ್ಲಿ ಮಾಟೆ ಕುಡಿಯುತ್ತಿದ್ದು, ಆತುರವೇನಿಲ್ಲವೆಂದು ಯೋಚಿಸಿ, ಈಗ ಶನಿವಾರ ಮದುವೆಯಾಗಲು ನಿಶ್ಚಯಿಸಿರುತ್ತಾರೆ. ವಿವಾಹ ನೋಂದಣಾಧಿಕಾರಿ ನೀದಿಯಾ ಪಿನ್ಯೇರು ಅವರು ಕಂಪ್ಯೂಟರ್ ಪರದೆಯಲ್ಲಿ ದಾಖಲೆ ತೆರೆದಾಗ ವಧುವಿನ ಜಾಗದಲ್ಲಿ ಬುರುಡೆ ಕಾಣಿಸಿತು. ಎತ್ತರ: ಹನ್ನೊಂದು ಸೆಂಟಿಮೀಟರ್. ವಿಶೇಷ ಗುರುತು: ಬಾಯಿಯ ಬಳಿ ಸಣ್ಣ ಬಿರುಕು.

ವರನ ಮೂವತ್ತೊಂದು ಹಸುಗಳು ತಮ್ಮ ತಮ್ಮ ಕಿವಿಯೋಲೆಯ ಸಂಖ್ಯೆ, ತಾಯಿಯ ಸಂಖ್ಯೆ ಸಮೇತ ತಪ್ಪಿಲ್ಲದೆ ದಾಖಲಾಗಿವೆ. ಇದನ್ನು ಕೇಳಿದ ವಧು ಸಹಿ ಮಾಡುವ ಅಧಿಕಾರಿಗೆ ನೀಡಿದ ಹೇಳಿಕೆಯನ್ನು ಯಥಾವತ್ ದಾಖಲಿಸಲಾಗಿದೆ: "ದನಕ್ಕಿರೋ ಮರ್ಯಾದೆ ನನಗಿಲ್ವೇನೋ ಬಾಸಿಲಿಯೋ? ಆರು ವರ್ಷ ನಿನ್ನ ತಟ್ಟೆಗೆ ಸಾರು ಬಡಿಸಿದ ಕೈ ಕಣೋ ಇದು. ಒಂದು ಓಲೆ ತಂದು ನನ್ನ ಕಿವಿಗೂ ಹೊಡಿ, ಶನಿವಾರ ಮದುವೆ ಮಾಡ್ಕೊಂಡು ಹೋಗ್ತೀನಿ."

ವರನ ಹೇಳಿಕೆ: "ನಾನಂತೂ ಕೋಟು ಇಸ್ತ್ರಿ ಮಾಡ್ಸಿದ್ದೀನಿ."

ತಿದ್ದುಪಡಿಗಾಗಿ ಕೇಂದ್ರ ಕಚೇರಿಯನ್ನು ಕೋರಲಾಯಿತು. ನೋಂದಾಯಿತ ವ್ಯಕ್ತಿಯೇ ಖುದ್ದಾಗಿ ಹಾಜರಾಗಿ ವಿನಂತಿಸಬೇಕೆಂದು ಉತ್ತರ ಬಂದಿತು. ಬುರುಡೆಯನ್ನು ಕ್ಯಾಮೆರಾದ ಮುಂದೆ ಖುದ್ದಾಗಿ ಹಾಜರುಪಡಿಸಲಾಯಿತು. ಅದು ಏನನ್ನೂ ವಿನಂತಿಸಲಿಲ್ಲ. ಕಡತವನ್ನು ನೂರ ಎಂಬತ್ತು ದಿನಗಳಿಗೆ ಮುಂದೂಡಲಾಗಿದೆ.

ಬುರುಡೆ ಒಡೆದರೆ ವ್ಯಕ್ತಿ ಮೃತಪಟ್ಟಂತೆ ಯಂತ್ರವು ದಾಖಲಿಸುತ್ತದೆ ಮತ್ತು ಮೃತರಿಗೆ ಮದುವೆ ಮಾಡಿಸಲು ಅವಕಾಶವಿಲ್ಲ. ಆದುದರಿಂದ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಯವರೆಗೆ ಅದನ್ನು ಜೀವಂತವಾಗಿಡುವುದು ಊರಿನ ಕರ್ತವ್ಯವೆಂದು ಭಾವಿಸಿ, ಈ ಮೂಲಕ ಕೆಳಕಂಡ ಸೂಚನೆಗಳನ್ನು ನೀಡಲಾಗಿದೆ:

1. ಸದರಿ ಸೋರೆಬುರುಡೆಯನ್ನು ಎಲ್ಲ ಅಧಿಕೃತ ಸಂದರ್ಭಗಳಲ್ಲಿ ಗೌರವಸೂಚಕವಾಗಿ "ದೋನ್ಯಾ" ಎಂದು ಸಂಬೋಧಿಸತಕ್ಕದ್ದು. ನೆಲದ ಮೇಲೆ ಇಡತಕ್ಕದ್ದಲ್ಲ. ಅದು ಕೋಣೆಯೊಳಗೆ ಬಂದಾಗ ಕುಳಿತವರು ಏಳತಕ್ಕದ್ದು. ಅದನ್ನು ತಂದವರಿಗಾಗಿ ಏಳುವ ಅಗತ್ಯವಿಲ್ಲ.

2. ದೋನ್ಯಾ ಎರ್ಮೆಲಿಂದಾ ಅವರನ್ನು ತಾತ್ಕಾಲಿಕವಾಗಿ "ಬುರುಡೆಯೊಂದಿಗೆ ಬಂದಿರುವ ಮಹಿಳೆ" ಎಂದು ಪರಿಗಣಿಸಲಾಗುವುದು. ಅವರು ಇದಕ್ಕೆ ಸಮ್ಮತಿಸಿಲ್ಲ. ಅವರ ಅಸಮ್ಮತಿಯನ್ನು ಸ್ವೀಕರಿಸಲು ಅವರ ಗುರುತು ದೃಢಪಡಬೇಕಾಗಿದೆ.

3. ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಬುರುಡೆಯ ಜೀವಂತ ಪ್ರಮಾಣಪತ್ರ ನವೀಕರಿಸಬೇಕು. ಅದು ಯಾವುದೇ ಕ್ಷಣದಲ್ಲಿ ತಣ್ಣಗಾಗತಕ್ಕದ್ದಲ್ಲ. ಕುದಿಯುವ ನೀರು ಸುರಿಯುವುದನ್ನು ಹಲ್ಲೆ ಎಂದು ಪರಿಗಣಿಸಲಾಗುವುದು. ಸಕ್ಕರೆ ಹಾಕಿದವರನ್ನು, ಮಾಟೆಯನ್ನು ಸಿಹಿ ಮಾಡಿ ಕುಡಿಯುವವರಿರುವ ಅರ್ಜೆಂಟೀನಾದ ಗಡಿಯವರೆಗೆ ಬಿಟ್ಟುಬರಲಾಗುವುದು.

4. ಫೋಟೋ ನವೀಕರಣದ ವೇಳೆ ಬುರುಡೆ ನೇರವಾಗಿ ನೋಡಬೇಕು. ಹೀರುಕೊಳವೆಯು ಮುಖ ಮರೆಮಾಚುವ ವಸ್ತುವಾದ್ದರಿಂದ ತೆಗೆದಿಡಬೇಕು. ನಗುವಂತಿಲ್ಲ. ಈವರೆಗೆ ಈ ಷರತ್ತನ್ನು ಸಂಪೂರ್ಣವಾಗಿ ಪಾಲಿಸಿದ ಏಕೈಕ ನಾಗರಿಕರು ಇವರೇ ಎಂಬುದನ್ನು ಮೆಚ್ಚುಗೆಯಿಂದ ದಾಖಲಿಸಲಾಗಿದೆ.

5. ಪಾಸ್‌ವರ್ಡ್ ಮರೆತಲ್ಲಿ ಯಂತ್ರವು "ನಿಮ್ಮ ತಾಯಿ ಹುಟ್ಟಿದ್ದು ಎಲ್ಲಿ?" ಎಂದು ಕೇಳುವುದು. "ಕೋಳಿಗೂಡಿನ ಪಕ್ಕದ ಬೇಲಿ" ಎಂದು ಉತ್ತರಿಸಬೇಕು. ಈ ಉತ್ತರ ಅತ್ಯಂತ ಗೋಪ್ಯ. ಓದಿದವರು ಮರೆಯತಕ್ಕದ್ದು.

6. ಬುರುಡೆಯು ಕೈಯಿಂದ ಕೈಗೆ ಹೋಗುವಾಗ ಪ್ರತಿಯೊಬ್ಬರೂ ಸ್ವೀಕೃತಿಗೆ ಸಹಿ ಹಾಕಬೇಕು. ಮಂಗಳವಾರ ಪ್ರಾಯೋಗಿಕವಾಗಿ ಎಂಟು ಜನರ ಒಂದು ಸುತ್ತು ನಡೆಸಲಾಗಿ, ಮೂರನೆಯವರ ಬಳಿಗೆ ಬರುವಷ್ಟರಲ್ಲಿ ಫ್ಲಾಸ್ಕ್ ತಣ್ಣಗಾಯಿತು, ಆರನೆಯವರು ಮನೆಗೆ ಹೋದರು.

7. "ಅದು ಮೈಕ್ ಅಲ್ಲ" ಎಂಬ ವಾಕ್ಯವನ್ನು ಕಚೇರಿಯ ಐವತ್ತು ಮೀಟರ್ ಆಸುಪಾಸಿನಲ್ಲಿ ನಿಷೇಧಿಸಲಾಗಿದೆ.

8. ಈ ಪ್ರಕರಣದಿಂದ ಉತ್ತೇಜಿತರಾಗಿ ಕೈಗಾಡಿ, ಅಕಾರ್ಡಿಯನ್ ಮತ್ತು ಸ್ವಂತ ಭಾವಮೈದುನರನ್ನು ಹೊತ್ತು ತಂದು "ಇದನ್ನೂ ಮನುಷ್ಯ ಅಂತ ಬರ್ಕೊಳ್ಳಿ" ಎಂದು ಕೋರುತ್ತಿರುವವರು ಹಿಂದಿರುಗತಕ್ಕದ್ದು. ಭಾವಮೈದುನರ ಅರ್ಜಿಗಳನ್ನು ಪುರಾವೆಗಳ ಕೊರತೆಯಿಂದ ತಿರಸ್ಕರಿಸಲಾಗಿದೆ.

9. ವಿವಾಹದ ದಿನ ನೋಂದಣಾಧಿಕಾರಿಯು "ಒಪ್ಪಿಗೆಯೇ?" ಎಂದು ಕೇಳಿದಾಗ ಬುರುಡೆಯನ್ನು ಬಿಸಿಯಾಗಿ ಗಾಜಿನ ಮೇಲಿಡಬೇಕು. ಹಸಿರು ದೀಪವನ್ನು "ಹೂಂ" ಎಂದು ತಿಳಿಯತಕ್ಕದ್ದು. ಉಂಗುರವನ್ನು ಹೀರುಕೊಳವೆಗೆ ತೊಡಿಸಬೇಕು. ವಧುವಿಗೆ ಮುತ್ತಿಡಲು ವರನಿಗೆ ಒಂದು ಗುಟುಕಿನ ಅವಕಾಶವಿದೆ. ವರನು ಹತ್ತೊಂಬತ್ತು ವರ್ಷಗಳಿಂದ ದಿನಕ್ಕೆ ಇಪ್ಪತ್ತು ಗುಟುಕು ಅನುಮತಿಯಿಲ್ಲದೆ ಪಡೆದಿರುವುದನ್ನು ಮನ್ನಿಸಲಾಗಿದೆ.

ಸೇರ್ಪಡೆ, ಶುಕ್ರವಾರ, ಸೆಪ್ಟೆಂಬರ್ 13

ಮುದ್ರೆಯ ಶಾಯಿ ಒಣಗಿದ್ದ ಕಾರಣ ಮೇಲಿನ ಸುತ್ತೋಲೆಯು ಇನ್ನೂ ಹೊರಟಿರಲಿಲ್ಲ. ಅಷ್ಟರಲ್ಲಿ ಕೆಳಕಂಡ ಘಟನೆ ಸಂಭವಿಸಿತು.

ಇಂದು ಬೆಳಿಗ್ಗೆ ಜೀವಂತ ಪ್ರಮಾಣಪತ್ರದ ನಂತರ, ಕಂಡಿಕೆ 3ರನ್ವಯ ಬುರುಡೆ ತಣ್ಣಗಾಗದಿರಲೆಂದು, ಸಹಿ ಮಾಡುವ ಅಧಿಕಾರಿಯು ಅದನ್ನು ಸೌದೆ ಒಲೆಯ ಪಕ್ಕದಲ್ಲಿಟ್ಟು, ಕಂಡಿಕೆ 10ನ್ನು ಬರೆಯಲು ಕುಳಿತರು. ಕಂಡಿಕೆ 10 ಬುರುಡೆಯನ್ನು ಒಲೆಯ ಪಕ್ಕದಲ್ಲಿ ಇಡಬಾರದೆಂಬುದರ ಕುರಿತಾಗಿತ್ತು. 9 ಗಂಟೆ 40 ನಿಮಿಷಕ್ಕೆ "ಟಪ್" ಎಂಬ ಶಬ್ದವಾಯಿತು.

ಹೋಳುಗಳನ್ನು ಗಾಜಿನ ಮೇಲಿಟ್ಟು ನೋಡಲಾಗಿ, ಯಂತ್ರವು ಕೂಡಲೇ ಪರದೆಯ ಮೇಲೆ "ಮೃತ" ಎಂದು ಬರೆದು, ಮೃತರ ಮೊಬೈಲಿಗೆ ಸಂತಾಪ ಸಂದೇಶ ಕಳುಹಿಸಿತು. ಮೃತರು ಹತ್ತು ನಿಮಿಷದಲ್ಲಿ ಕಚೇರಿಗೆ ಬಂದರು. ಅವರ ಹೇಳಿಕೆ: "ನಾನು ಸತ್ತೆನಂತೆ. ಹಾಲು ಒಲೆ ಮೇಲಿಟ್ಟು ಬಂದಿದ್ದೀನಿ, ಬೇಗ ಹೇಳು, ಏನು ಮಾಡ್ಬೇಕು?"

ಅಧಿಕಾರಿ ಹೋಳುಗಳನ್ನು ತೋರಿಸಿದರು. ಅವರು ಅತ್ತರು. ಅಳುವುದಕ್ಕೆ ಪ್ರತ್ಯೇಕ ನಮೂನೆ ಇಲ್ಲದ ಕಾರಣ ಖಾಲಿ ಹಾಳೆಯ ಮೇಲೆ ಅಳಲಾಯಿತು, ಹಾಳೆಯನ್ನು ಲಗತ್ತಿಸಿದೆ. ಒಬ್ಬ ಹೆಂಗಸಿನ ಮದುವೆಯನ್ನು ಇಲಾಖೆಯು ಒಲೆಯ ಪಕ್ಕದಲ್ಲಿಟ್ಟು ಒಡೆದುಹಾಕಿದೆ, ಇದರಿಂದ ಇಲಾಖೆಗೆ ನಿಜವಾಗಿಯೂ ದುಃಖವಾಗಿದೆ ಮತ್ತು ಇಲಾಖೆಗೆ ತನ್ನ ಮೇಲೆಯೇ ಸಿಟ್ಟು ಬಂದಿದೆ ಎಂದು ಇಲ್ಲಿ ಸ್ಪಷ್ಟಪಡಿಸಲಾಗಿದೆ.

ಮೃತರು ಅಧಿಕಾರಿಯ ಬೆನ್ನು ತಟ್ಟಿ ಹೇಳಿದ್ದು: "ಹೋಗ್ಲಿ ಬಿಡೋ. ಬೇಲಿ ಮೇಲೆ ಇನ್ನೊಂದು ಕಾಯಿ ಒಣಗ್ತಾ ಇದೆ. ಏನಾದ್ರೂ ತಿಂದ್ಯಾ ಬೆಳಿಗ್ಗೆ?" ಬಳಿಕ ಚೀಲದಿಂದ ಎರಡು ಬಿಸ್ಕೋಚೊ, ಅಂದರೆ ಬೆಣ್ಣೆ ಹಾಕಿದ ಸಣ್ಣ ಬನ್ನು, ತೆಗೆದು, ಕೇಳದೆಯೇ ದೊಡ್ಡದನ್ನು ಮೇಜಿನ ಮೇಲಿಟ್ಟರು.

ಆ ಕ್ಷಣದಲ್ಲಿ ಅವರು ಯಾರೆಂಬುದರ ಬಗ್ಗೆ ಅಧಿಕಾರಿಗೆ ಯಾವುದೇ ಸಂಶಯ ಉಳಿಯಲಿಲ್ಲ. ಇಂತಹ ಸಂಶಯರಾಹಿತ್ಯಕ್ಕೆ ಕಾನೂನಿನಲ್ಲಿ ಆಧಾರವಿದೆಯೇ ಎಂದು ಕಪಾಟನ್ನು ಶೋಧಿಸಲಾಗಿ, 1931ರ ನಿಯಮಾವಳಿಯೊಂದು ಇಲಿ ತಿಂದ ಸ್ಥಿತಿಯಲ್ಲಿ ದೊರೆಯಿತು. ಅದನ್ನು ಯಾರೂ ಓದಿರಲಿಲ್ಲವಾದ್ದರಿಂದ ಯಾರೂ ರದ್ದುಪಡಿಸಿಯೂ ಇರಲಿಲ್ಲ. ಅದರ ಉಳಿದಿರುವ ಏಕೈಕ ಸಾಲು: "ಯಾರನ್ನು ಊರು ಗುರುತಿಸುವುದೋ, ಅವರು ಅವರೇ."

ಆದಕಾರಣ ಕಂಡಿಕೆ 1ರಿಂದ 9ನ್ನು ಹಿಂಪಡೆದು (ಸಕ್ಕರೆಯ ಭಾಗವನ್ನು ಹೊರತುಪಡಿಸಿ), ಹೊಸದಾಗಿ ಸೂಚಿಸುವುದೇನೆಂದರೆ:

10. "ನೋಡಿ ಗುರುತಿಸುವುದು" ಎಂಬ ಪದ್ಧತಿಯನ್ನು, ಅದು ವಿದ್ಯುತ್ತಿಲ್ಲದೆಯೂ ನಡೆಯುವಂಥದ್ದೆಂಬ ಗಂಭೀರ ಲೋಪದ ಹೊರತಾಗಿಯೂ, ಶನಿವಾರ ಒಂದು ದಿನದ ಮಟ್ಟಿಗೆ ಅನುಮತಿಸಲಾಗಿದೆ.

11. ಊರಿನವರೆಲ್ಲ ಹನ್ನೊಂದು ಗಂಟೆಗೆ ಕ್ಲಬ್ಬಿನಲ್ಲಿ ಸೇರಿ, ವಧುವನ್ನು ನೋಡಿ, ಆಕೆ ಯಾರೆಂದು ಮತ್ತು ತಮಗೆ ಹೇಗೆ ಗೊತ್ತೆಂದು ನೀದಿಯಾ ಅವರ ಮುಂದೆ ಹೇಳತಕ್ಕದ್ದು. ನಡಿಗೆ, ಕೆಮ್ಮು, ಸೌಟು ಬಡಿಯುವ ಸದ್ದು, ನೀರು ಹೊಯ್ಯುವ ರೀತಿ, ಹಳೆಯ ಬೈಗುಳ, ಇವೆಲ್ಲವೂ ಸ್ವೀಕಾರಾರ್ಹ. ಒಬ್ಬರಿಗೆ ಒಂದೇ ಪುರಾವೆ. ದೀರ್ಘವಾಗಿ ಮಾತನಾಡುವವರಿಗೆ ಕಂಡಿಕೆ 7ರಲ್ಲಿ ನಿಷೇಧಿಸಿದ್ದ ವಾಕ್ಯವನ್ನು ಕೂಗಬಹುದು.

12. ಮೊದಲ ಸಾಕ್ಷಿ ಸಹಿ ಮಾಡುವ ಅಧಿಕಾರಿ. ಅವರ ಪುರಾವೆ: ಶಾಲೆಯಲ್ಲಿ ತಟ್ಟೆ ಹಿಡಿದು ನಿಂತಾಗ ಎಲ್ಲರೂ ಮೊದಲು ಹೆಸರು ಕೇಳುತ್ತಿದ್ದರು. ಇವರೊಬ್ಬರು ಮಾತ್ರ "ಇನ್ನೊಂದು ಸೌಟು ಹಾಕ್ಲೇನೋ?" ಎಂದು ಕೇಳುತ್ತಿದ್ದರು.

13. ಸಮಾರಂಭ ಮುಗಿಯುವವರೆಗೆ ಯಂತ್ರದ ಮೇಲೆ ಮೇಜುಬಟ್ಟೆ ಹೊದಿಸಿಡಬೇಕು.

(ಸಹಿ)
ಬಾಸಿಲಿಯೋ ಎಚೆವೆರ್ರಿ
ಶಾಖಾಧಿಕಾರಿ ಮತ್ತು ಶಾಖೆಯ ಇತರ ಎಲ್ಲ ಸಿಬ್ಬಂದಿ
(ಯಂತ್ರವು ಈ ಸಹಿಯನ್ನು ಗುರುತಿಸಿಲ್ಲ. ಊರು ಗುರುತಿಸುವುದೆಂದು ಆಶಿಸಲಾಗಿದೆ.)

ಪ್ರತಿಗಳು:

1. ಕೇಂದ್ರ ಕಚೇರಿ, ಮೊಂತೆವಿದೆಯೊ: ಮಾಹಿತಿಗಾಗಿ, ಸೋಮವಾರ ತಲುಪುವಂತೆ, ಅದಕ್ಕೂ ಮೊದಲು ಬೇಡ.
2. ನೀದಿಯಾ ಪಿನ್ಯೇರು, ವಿವಾಹ ನೋಂದಣಾಧಿಕಾರಿ: ಅಗತ್ಯ ಕ್ರಮಕ್ಕಾಗಿ. ಶಾಯಿ ತನ್ನಿ.
3. ಬೇಕರಿ: ಬಿಸ್ಕೋಚೊ, ಹದಿನೈದು ಡಜನ್.
4. ಎಂಪನಾದಾದ ವಾರಸುದಾರರು, ಇದ್ದಲ್ಲಿ.
5. ಮೂವತ್ತೊಂದು ಹಸುಗಳು: ಗುರುತಿನ ಬಗ್ಗೆ ತಕರಾರು ಇಲ್ಲದಿರುವುದರಿಂದ ಪ್ರತಿ ಅಗತ್ಯವಿಲ್ಲ.
6. ಸೋರೆಬುರುಡೆ, ಎರಡು ಹೋಳು: ಕಚೇರಿಯ ಕಪಾಟಿನಲ್ಲಿ, ಗೌರವಪೂರ್ವಕವಾಗಿ.
7. ದೋನ್ಯಾ ಎರ್ಮೆಲಿಂದಾ ತೆಚೇರಾ: ಖುದ್ದಾಗಿ, ಕೈಗೆ. ಹಾಲು ಉಕ್ಕಿ ಹೋಗಿದೆ.
8. ದೋನ್ ಒಲಿಂಪಿಯೋ ಬಿದೆಗಾಯಿನ್: ಪ್ರತಿಯನ್ನು ಓದದೆ ಹಿಂತಿರುಗಿಸಿದ್ದಾರೆ. ಬಾಗಿಲಲ್ಲಿ ಯಾರು ಬಂದು ನಿಂತಿದ್ದಾರೆಂದು ತಿಳಿಯಲು ತಮಗೆ ಕಾಗದ ಬೇಕಿಲ್ಲವೆಂದು ಹೇಳಿರುತ್ತಾರೆ. ಇಲಾಖೆಯ ಆಕ್ಷೇಪಣೆ ಇಲ್ಲ.