ಚಹಾಕ್ಕಿಂತ ಮೊದಲು ಒಂದು ತಪ್ಪಾತು

ಹಿಟ್ಟಿನಲ್ಲಿ ಕಲ್ಲು ಬಂತು ಅಂತ ಬೀಗ ಭೀಮಶಾ ನಲವತ್ತು ಮಂದಿಯ ಮುಂದೆ ಅಂದದ್ದನ್ನು ಗಾಜಿಪುರದ ಗಿರಣಿ ಅಣವೀರಪ್ಪ ಇವತ್ತಿಗೂ ಮರೆತಿಲ್ಲ. ಎಳ್ಳ ಅಮಾಸಿಯ ದಿನ ಕಮಲಾಪುರದ ಹೊಲದಲ್ಲಿ, ಬಾಯೊಳಗೆ ಸಜ್ಜಿ ರೊಟ್ಟಿ ಇಟ್ಟುಕೊಂಡೇ ಅಂದ ಮಾತು. ಮಗಳು ಅಂಜನಾಳನ್ನು ಕೊಟ್ಟ ಮನೆಯಲ್ಲವೇ ಅಂತ ಅಣವೀರಪ್ಪ ತಾನೇ ಬೀಸಿ, ತಾನೇ ಹೆಗಲ ಮೇಲೆ ಹೊತ್ತೊಯ್ದ ಹಿಟ್ಟು ಅದು.

(ಕಲ್ಲು ಬಂದದ್ದು ಖರೆ. ಗಿರಣಿ ಕಲ್ಲನ್ನು ಉಳಿಯಿಂದ ಕಟೆದ ಮೇಲೆ, ಕಲ್ಲಿನ ಚೂರು ಹೋಗಲಿ ಅಂತ ಮೊದಲು ನಾಲ್ಕು ಸೇರು ತೌಡು ಬೀಸಿ ಚೆಲ್ಲಬೇಕು. ‘ನಾಳೆ ಬೀಸಿದರಾಯಿತು’ ಅಂತ ಬಿಟ್ಟಿದ್ದ. ಆದರೆ ಖರೆ ಇದ್ದದ್ದನ್ನೆಲ್ಲ ಉಣ್ಣುವ ಪಂಕ್ತಿಯಲ್ಲಿ ಒದರಬೇಕೇ?)

“ಹಿಟ್ಟಿನಾಗ ಏನೂ ಇಲ್ಲ ಬೀಗ್ರ, ನಿಮ್ಮ ಹಲ್ಲು ಮುರದಿರಬೇಕು. ಅದೇ ಕರಕರ ಅನ್ನಾಕತ್ತದ!” ಅಂದುಬಿಟ್ಟ. ಭೀಮಶಾ ಬಾಯಿಂದ ತೆಗೆದು ಅಂಗೈ ಮೇಲಿಟ್ಟು ನೋಡಿದ. ಕಲ್ಲೂ ಇತ್ತು, ಹಲ್ಲೂ ಇತ್ತು. ಅಂದಿನಿಂದ ಬೀಗರಿಬ್ಬರ ನಡುವೆ ಮಾತು ಬಂದ್.

ಅಷ್ಟರಲ್ಲಿ ಬಸುರಿ ಅಂಜನಾಗೆ ಏಳನೆಯ ತಿಂಗಳು ಬಿತ್ತು. ಎಂಟು ಬೀಳುವುದರೊಳಗೆ ಹಸಿರು ಸೀರೆ ಉಡಿಸಿ, ಕುಬಸ ಮಾಡಿ, ಹುಡುಗಿಯನ್ನು ತವರಿಗೆ ಕರೆತರಬೇಕು. ಒಂದು ಸಂಜೆ ಹೆಂಡತಿ ಜಯದೇವಿ ಫೋನು ಕೆಳಗಿಟ್ಟು ಹೇಳಿದಳು: “ಕಮಲಾಪುರದವರು ಅಂದಾರ್ರಿ. ಹುಡುಗಿ ಅಪ್ಪ ಬಂದು ತಪ್ಪಾತು ಅಂದ್ರಷ್ಟೇ ಕುಬಸ.”

“ನಾಳಿಗಿ ಹೋಗ್ತೇನಿ.”

ನಾಳೆ ಗಿರಣಿಯ ಪಟ್ಟಾ ಹರಿಯಿತು. ನಾಡಿದ್ದು ಮಂಗಳವಾರ, ಒಳ್ಳೆಯದಲ್ಲ. ಬುಧವಾರ ಮೊಣಕಾಲು ಹಿಡಿಯಿತು. ಗುರುವಾರ ಏನೂ ಆಗಲಿಲ್ಲ, ಆದರೂ ಹೋಗಲಿಲ್ಲ. ಸಿಟ್ಟು ಬಂದರೆ ಮೂರು ಲೋಕ ನಡುಗಿಸುವ ಗಂಡಸು ‘ತಪ್ಪಾತು’ ಅನ್ನುವ ಮೂರಕ್ಷರಕ್ಕೆ ಹೀಗೆ ಅಂಜುತ್ತಾನೆ ಅಂತ ಯಾರಿಗೆ ಗೊತ್ತಿತ್ತು? ಜಯದೇವಿಗೆ ಗೊತ್ತಿತ್ತು.

“ರೀ, ಎರಡನೇ ರೊಟ್ಟಿಯಿಂದ ಶುರು ಮಾಡಾಕ ಯಾರಿಗರೆ ಬರ್ತದೇನು? ಮೊದಲನೇದು ಬಡೀಬೇಕು. ಹರೀಲಿ, ಹತ್ತಲಿ. ಹಂಚು ಹದಕ್ಕ ಬರೋದೇ ಅದರಿಂದ.”

“ಅಂದ್ರ?”

“ಕಮಲಾಪುರ ದೂರ ಅದ, ಊರಾಗೇ ಶುರು ಮಾಡ್ರಿ. ನಿನ್ನಿ ಯಾರಿಗೆ ಒದರೀರಿ, ಇವತ್ತ ಮುಂಜಾನಿ ಅವರ ಮನೀಗೆ ಹೋಗಿ ತಪ್ಪಾತು ಅಂದು ಬರ್ರಿ. ದಿನಾ ಹಿಂಗೇ ಮಾಡಬೇಕು, ಅಲ್ಲೀತನಕ ಚಹಾ ಇಲ್ಲ.”

“ಚಹಾ ಇಲ್ಲಂದ್ರ?”

“ಇಲ್ಲಂದ್ರ ಇಲ್ಲ.”

ಮೊದಲ ದಿನದ ಬಲಿಪೀಠ ದರ್ಗಾದ ಹತ್ತಿರ ರೋಜಾ ಓಣಿಯ ಮಸ್ತಾನಬಿಯ ಮನೆ. ಹಿಂದಿನ ದಿನ ಆಕೆ ಬೀಸಲು ತಂದ ಜ್ವಾಳಕ್ಕೆ ‘ಹುಳದ ಸಂತಿ’ ಅಂದಿದ್ದ. ಅಣವೀರಪ್ಪ ಬಾಗಿಲ ಮುಂದಿನಿಂದ ಮೂರು ಸಲ ಹಾದು ಹೋದ, ಬೇಡದ ಹೂವಿನ ದರ ಕೇಳಿದ, ಪಾರಿವಾಳ ಎಣಿಸಿದ. ಕೊನೆಗೆ ಕಣ್ಣು ಮುಚ್ಚಿ, “ಆಪಾ, ನಿನ್ನಿ ಅಂದಿದ್ದು ತಪ್ಪಾತು, ನಾ ಬರ್ತೇನಿ!” ಅಂತ ಒಂದೇ ಉಸಿರಿಗೆ ಅಂದು ಓಡಲು ನೋಡಿದ.

“ಯಾ ಅಲ್ಲಾ!” ಮಸ್ತಾನಬಿ ಎದೆ ಮೇಲೆ ಕೈ ಇಟ್ಟುಕೊಂಡಳು. “ಅಣ್ಣಾ, ತಬಿಯತ್ ಬರೋಬರ್ ಅದ ಇಲ್ಲೋ? ಡಾಕ್ಟರ್ ಏನಂದಾನ? ಎಲ್ಲಾರ ಕಡಿ ಮಾಫಿ ಕೇಳ್ಕೋತ ಹೊಂಟೀಯೇನು?”

ಸಾಯಲು ಹೊರಟವನಲ್ಲ ಅಂತ ನಂಬಿಸಲು ಅರ್ಧ ತಾಸು ಹಿಡಿಯಿತು.

ಮರುದಿನ ಆಟೋ ಹುಸೇನ. ಅದರ ಮರುದಿನ ಎದುರು ಮನೆಯ ಮಾಸ್ತರ. ಮೊದಲ ದಿನ ಒಂದು ತಾಸು ತಿಂದ ಕೆಲಸ ಎಂಟನೆಯ ದಿನಕ್ಕೆ ಚಪ್ಪಲಿ ಮೆಟ್ಟುವಷ್ಟು ಹೊತ್ತಿಗೆ ಬಂತು. ಇನ್ನೊಂದು ವಿಚಿತ್ರವೂ ಆಯಿತು. ಬಾಯಿಗೆ ಬೈಗುಳ ಬಂದಾಗ ‘ಇವನ ಮನೆ ಕೋಟೆ ಹತ್ತಿರ, ನಾಳೆ ಅಷ್ಟು ದೂರ ಯಾರು ನಡೀತಾರ’ ಅಂತ ನೆನಪಾಗಿ ಅಣವೀರಪ್ಪ ನುಂಗಿಕೊಳ್ಳತೊಡಗಿದ. ಬೈಯಲೇಬೇಕು ಅನಿಸಿದರೆ ಪಕ್ಕದ ಮನೆಯವರಿಗಷ್ಟೇ ಬೈದ. ತೌಡನ್ನೂ ಕಲ್ಲು ಕಟೆದ ದಿನವೇ ಬೀಸಿ ಚೆಲ್ಲಿದ. “ಗಿರಣಿ ಅಣವೀರಪ್ಪನ್ನ ನೋಡಿ ಕಲೀರಿ” ಅಂತ ಮಾಸ್ತರ ಮಕ್ಕಳಿಗೆ ಹೇಳಿದ್ದು ಕಿವಿಗೆ ಬಿದ್ದ ದಿನ ಎದೆ ಉಬ್ಬಿ ಅಂಗಿಯ ಗುಂಡಿ ಹಾರುವುದೊಂದು ಬಾಕಿ.

ಹದಿನೈದನೆಯ ದಿನ ಶನಿವಾರ. ಚಹಾ ಕುಡಿಯದೆ ಗಂಡಹೆಂಡಿರು ಕಮಲಾಪುರದ ಬಸ್ಸು ಹತ್ತಿದರು. ಜಯದೇವಿಯ ಕೈಯಲ್ಲೊಂದು ದೊಡ್ಡ ಚೀಲ. ಬೀಗರ ಹೊಸ್ತಿಲು ದಾಟಿದವನೇ ಅಣವೀರಪ್ಪ ಕೂಡಲೂ ಇಲ್ಲ, ನೀರೂ ಮುಟ್ಟಲಿಲ್ಲ. “ಬೀಗ್ರ, ಕಲ್ಲು ನಂದು, ಹಲ್ಲು ನಿಮ್ದು. ತಪ್ಪಾತು!” ಅಂತ ಕೈ ಮುಗಿದು ನಿಂತ.

ಭೀಮಶಾ ಹೊಸ ಹಲ್ಲು ತೋರಿಸಿ ನಕ್ಕ. “ಅಯ್ಯ, ಅದನ್ನ ಇನ್ನಾ ಹಿಡಕೊಂಡು ಕುಂತೀರೇನ್ರಿ? ಬೀಗತ್ಯಾರು ಫೋನಿನಾಗ ಎಲ್ಲಾ ಮಾತಾಡಿ ಮೂರು ವಾರ ಆಗಾಕ ಬಂತಲ್ಲ! ಸೋಮವಾರ ಕುಬಸ ಅಂತ ಅವತ್ತೇ ಗೊತ್ತು ಮಾಡೀವಿ. ಅಂಜನಾ, ನಿಮ್ಮವ್ವ ಹಸಿರು ಸೀರಿ ತಂದಾಳ ನೋಡು.”

ಅಣವೀರಪ್ಪ ಮೆಲ್ಲಗೆ ಹೆಂಡತಿಯತ್ತ ತಿರುಗಿದ. ಹದಿನೈದು ದಿನ ಕಟ್ಟಿಹಾಕಿದ್ದ ಸಿಟ್ಟು ಒಮ್ಮೆಲೇ ಹಗ್ಗ ಹರಿದುಕೊಂಡಿತು.

“ಸುಳ್ಳಬುರಕಿ! ನಾ ಏನು ಕರಡಿ ಅಂತ ತಿಳಿದೀಯೇನು, ಮನಿ ಮನಿ ಮುಂದ ಕುಣಿಸಾಕ? ನಿನ್ನಂಥ ಕಪಟಿ ಏಳು ಹಳ್ಳಿಯಾಗ ಇಲ್ಲ!”

ಜಯದೇವಿ ಚೀಲದಿಂದ ಸೀರೆ ತೆಗೆದು ಮಡಿಕೆ ಸರಿ ಮಾಡುತ್ತಿದ್ದಳು. ತಲೆ ಎತ್ತದೆಯೇ ಅಂದಳು: “ಕುಬಸದ ಮಾತು ಒಂದು ಫೋನಿಗೇ ಮುಗೀತ್ರಿ. ನಿಮ್ಮ ನಾಲಿಗಿಗೇ ಹದಿನೈದು ದಿನ ಬೇಕಾತು.”

ಭೀಮಶಾ ಬಿದ್ದು ಬಿದ್ದು ನಕ್ಕ. ಅಂಜನಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕುಬಸ ಚೆಂದಾಗಿ ಆಯಿತು. ಆಮೇಲೆ ಹುಟ್ಟಿದ ಮೊಮ್ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಅಣವೀರಪ್ಪ ಇಂದಿಗೂ ಹಿಂದಿನ ದಿನದ ತಪ್ಪನ್ನು ಮರುದಿನದ ಬೆಳಗಿಗೆ ಉಳಿಸಿಕೊಳ್ಳುವ ಮನುಷ್ಯನಲ್ಲ. ಆ ಮಾತಿಗೆ ಇಡೀ ಗಾಜಿಪುರ ಸಾಕ್ಷಿ. ಬೀಗರ ಮನೆಯಲ್ಲಿ ಎಲ್ಲರ ಮುಂದೆ ಹೆಂಡತಿಗೆ ಅಂದ ಆ ಮಾತಿನ ತಪ್ಪೊಂದೇ ಹಾಗೇ ನಿಂತಿದೆ. ‘ತಪ್ಪಾತು’ ಅನ್ನಿರಿ ಅಂತ ಆಕೆ ಕೇಳಿಲ್ಲ. ಇವನು ದಿನಾ ಅಡುಗೆಮನೆಯ ಬಾಗಿಲ ತನಕ ಹೋಗಿ ಗಂಟಲು ಸರಿ ಮಾಡಿಕೊಳ್ಳುತ್ತಾನೆ.

“ಏನರೆ ಅಂದ್ರೇನು?”

“ಇಲ್ಲ... ನಳದ ನೀರು ಬಂದದೇನು ಅಂದೆ.”

“ಬಂದು ಹೋಗ್ಯದ.”