ಹದಿನಾಲ್ಕು ಇಂಚಿಗೊಂದು ಸುತ್ತು

ಮಾವನವರ ಹಳೆಯ ಬೇಟೆ ಕೋವಿ ಗುರಿಯೊಂದನ್ನು ಬಿಟ್ಟು ಬೇರೆಲ್ಲದಕ್ಕೂ ಹೊಡೆಯುತ್ತಿತ್ತು. ಮೂವತ್ತು ವರ್ಷ ಅದಕ್ಕೆ ಹಿಡಿಶಾಪ ಹಾಕಿ ಸುಸ್ತಾದ ಮಾವ, ಕೊನೆಗೆ ಕಿರಿಯಳಿಯನಿಗೆ ಹೇಳಿದರು: "ಭಾನುವಾರ ಸಂಜೆ ನಾಲ್ಕಕ್ಕೆ ರೈಫಲ್ ಕ್ಲಬ್ಬಿಗೆ ಬನ್ನಿ. ಈ ದರಿದ್ರದ್ದರಲ್ಲಿ ಗುರಿ ಹೊಡೆದ್ರೆ ಕೋವಿ ನಿಮಗೆ. ತಪ್ಪಿದ್ರೆ ದೊಡ್ಡಳಿಯಂಗೆ."

ಕಿರಿಯಳಿಯ ಗ್ರಂಥಾಲಯದ ಗುಮಾಸ್ತ. ಎಂಟು ವರ್ಷದಿಂದ ಮಾವನ ಜೊತೆ ಕ್ಲಬ್ಬಿಗೆ ಹೋದಾಗಲೆಲ್ಲ ಆ ಕೋವಿಯ ಮರದ ಹಿಡಿಗೆ ಎಣ್ಣೆ ಒರೆಸಿ, ಆಸೆಯಿಂದ ಲೈಸೆನ್ಸನ್ನೂ ಮಾಡಿಸಿಟ್ಟುಕೊಂಡಿದ್ದ. ದೊಡ್ಡಳಿಯ ಅದನ್ನು ಗೋಡೆಗೆ ಜಡಿದು ಟೋಪಿ ನೇತುಹಾಕುತ್ತಾನೆಂದು ನೆನೆದರೇ ಅವನ ಹೊಟ್ಟೆ ಉರಿಯುತ್ತಿತ್ತು.

ಭಾನುವಾರ ಬೆಳಗ್ಗೆ ಪಕ್ಕದ ಮನೆಯ ಹಲ್ಲಿನ ಡಾಕ್ಟರು ಪಂದ್ಯದ ಸುದ್ದಿ ಕೇಳಿ ಕಾಂಪೌಂಡಿನ ಮೇಲಿಂದ ಇಣುಕಿದರು. ಬೇರೆಯವರ ಬಾಯಿ ತೆಗೆಸುವುದು ಅವರ ಕಸುಬು, ತಮ್ಮದನ್ನು ತೆಗೆಯುವುದು ಹವ್ಯಾಸ.

"ಯಾವ ಗುಂಡು ತಗೋತೀರಿ?"

"ಅಂಗಡಿಯವ್ನು ಕೊಟ್ಟಿದ್ದು ಸಾರ್."

"ಅಯ್ಯೋ ಮಾರಾಯ್ರೇ! ಭಾರದ ಗುಂಡು ತಗೊಳ್ಳಿ. ಭಾರ ಇದ್ರೆ ಗಾಳಿಗೆ ಜಗ್ಗಲ್ಲ. ನಾನೂ ಬರ್ತೀನಿ."

ಕೋವಿಯನ್ನು ಜನ್ಮದಲ್ಲಿ ಮುಟ್ಟದ ಡಾಕ್ಟರು ಅಂಗಡಿಯಲ್ಲಿ ತಾವೇ ಆರಿಸಿದರು: ನೂರಿಪ್ಪತ್ತು ಗ್ರೇನ್ ತೂಕದ್ದು, ಇದ್ದುದರಲ್ಲೇ ಭಾರದ್ದು. ಗುಮಾಸ್ತ ದುಡ್ಡು ಮಾತ್ರ ಕೊಟ್ಟ.

ಮಧ್ಯಾಹ್ನ ಗುಮಾಸ್ತ ಕ್ಲಬ್ಬಿನ ಬೀರುವಿನಲ್ಲಿದ್ದ ಕೋವಿ ತೆಗೆಸಿ ಅಭ್ಯಾಸಕ್ಕೆ ನಿಂತ, ಪಕ್ಕದಲ್ಲೇ ಡಾಕ್ಟರು. ಮೊದಲ ಗುಂಡು ಗುರಿಹಲಗೆಯ ಮೂಲೆಗೆ, ಎರಡನೆಯದು ಹಲಗೆಯ ಕಾಲಿಗೆ, ಮೂರನೆಯದು ದೇವರಿಗೇ ಗೊತ್ತು. ಹಲಗೆಗೆ ಅಂಟಿಸಿದ ಕಾಗದದ ಮೇಲಿನ ತೂತು ದುಂಡಗಿರಲಿಲ್ಲ. ಗುಂಡು ಮಲಗಿಕೊಂಡೇ ಹೋದ ಹಾಗೆ ಉದ್ದಕ್ಕಿತ್ತು.

"ಉಸಿರು ಬಿಗಿ ಹಿಡೀರಿ," ಎಂದರು ಡಾಕ್ಟರು. "ಬಾಯಿ ಮುಚ್ಚಿ."

ಮೊದಲು ಯಾರು ಮುಚ್ಚಬೇಕೆಂದು ಗುಮಾಸ್ತ ಕೇಳಲಿಲ್ಲ.

ಕ್ಲಬ್ಬಿನ ಕೋವಿ ರಿಪೇರಿಯ ಅಜ್ಜ ತೂತು ನೋಡಿ ನಕ್ಕ. ಸರಳಿನ ತುದಿಗೆ ಬಟ್ಟೆ ಬಿಗಿದು, ಮೇಲೊಂದು ಗುರುತು ಹಾಕಿ, ಖಾಲಿ ನಳಿಗೆಯೊಳಗೆ ತಳ್ಳಿದ. ಗುರುತು ಒಂದು ಸುತ್ತು ಬರುವಷ್ಟರಲ್ಲಿ ಸರಳು ಹದಿನಾಲ್ಕು ಇಂಚು ಒಳಗೆ ಹೋಗಿತ್ತು.

"ನೋಡಿ ಸ್ವಾಮಿ, ಒಳಗಿನ ಸುರುಳಿ ಗೆರೆ ಗುಂಡನ್ನ ಬುಗುರಿ ಹಾಗೆ ತಿರುಗಿಸ್ಬೇಕು. ಭಾರದ ಗುಂಡು ಉದ್ದ, ಅದಕ್ಕೆ ಜೋರು ತಿರುವು ಬೇಕು. ಈ ಹಳೇದು ನಿಧಾನ ತಿರುಗಿಸುತ್ತೆ. ಎಂಬತ್ತೇಳು ಗ್ರೇನಿಂದು ಹಾಕಿ."

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದರು ಡಾಕ್ಟರು.

ಗುಮಾಸ್ತ ಅಂಗಡಿಗೆ ಓಡಿದ. ಅರ್ಧ ಇಳಿದಿದ್ದ ಶಟರಿನಡಿ ನುಸುಳಿ, ಷರಟು ಹರಿದುಕೊಂಡು, ಹಗುರ ಗುಂಡಿನ ಡಬ್ಬಿ ಹಿಡಿದು ಏದುಸಿರು ಬಿಡುತ್ತಾ ಬರುವಷ್ಟರಲ್ಲಿ ಮಾವ ಕುರ್ಚಿಯಲ್ಲಿ ಕೂತಿದ್ದರು.

ಐದು ಗುಂಡು. ಐದೂ ತೂತು ದುಂಡಗೆ, ನಟ್ಟನಡುವೆ, ಒಂದು ಬಿಸ್ಕತ್ತಿನಡಿ ಮುಚ್ಚಿಹೋಗುವಷ್ಟು ಹತ್ತಿರ. ಗುಮಾಸ್ತನಿಗೆ ಕಣ್ಣು ತುಂಬಿ ಬಂತು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಕತೆ ಬೇರೆಯಾಗುತ್ತಿತ್ತು. ಹೇಗೆ ಹೊಡೆದಿರೆಂದು ಮಾವ ಕೇಳಿದ್ದೇ ತಡ, ಗುಮಾಸ್ತ ಸರಳು, ಸುತ್ತು, ತೂಕ ಎಲ್ಲವನ್ನೂ ವಿವರಿಸಿ, "ಕೋವಿದೇನೂ ತಪ್ಪಿಲ್ಲ ಮಾವ, ಇಷ್ಟು ವರ್ಷ ನೀವೂ ಭಾರದ ಗುಂಡೇ ಹಾಕ್ತಿದ್ರಿ. ಇದು ಅಪ್ಪಟ ಚಿನ್ನ," ಎಂದುಬಿಟ್ಟ.

ಮಾವ ಎದ್ದು ಬಂದು ಕೋವಿಯನ್ನು ಕೈಗೆ ತೆಗೆದುಕೊಂಡರು. ಮೂವತ್ತು ವರ್ಷದಲ್ಲಿ ಮೊದಲ ಸಲ ಅದರ ಬೆನ್ನು ಸವರಿದರು.

"ಉಳಿದ ಹಗುರ ಗುಂಡೂ ಇಲ್ಲಿ ಕೊಡಿ ಅಳಿಯಂದ್ರೇ."

"ಮಾವ... ಮಾತು ಕೊಟ್ಟಿದ್ರಲ್ಲ?"

"ಕೊಟ್ಟಿದ್ದೆ. ಆಗ ಕೋವಿ ಕೆಟ್ಟದಾಗಿತ್ತು."

ಭಾರದ ಗುಂಡಿನ ಡಬ್ಬಿಯನ್ನು ಮಾತ್ರ ಅವರು ಅಳಿಯನಿಗೇ ಬಿಟ್ಟುಹೋದರು.