ಮೊದಲು ಮೇಷ್ಟ್ರಿಗೆ ನೋಡ್ರಿ

ಮೇಷ್ಟ್ರುಗಳಿಗೆ ಬೇಸಿಗೆ ರಜೆ ಇರುತ್ತದೆ ಎಂದು ಮೇಷ್ಟ್ರುಗಳನ್ನು ಬಿಟ್ಟು ಉಳಿದವರೆಲ್ಲ ನಂಬಿದ್ದಾರೆ. ಮೌಲ್ಯಮಾಪನ, ಚುನಾವಣೆ, ತರಬೇತಿ ಇವೆಲ್ಲ ನಮಗೆ ಮಾವಿನಹಣ್ಣಿನ ಹಾಗೆ ಬೇಸಿಗೆಯಲ್ಲೇ ಬರುತ್ತವೆ. ಹಾಗಾಗಿ ದುರ್ಗದಲ್ಲಿ ಹೈಸ್ಕೂಲ್ ಮಕ್ಕಳಿಗಾಗಿ ಡಾಕ್ಟರುಗಳು ಬೇಸಿಗೆಯ ಆರೋಗ್ಯ ಸಂಶೋಧನಾ ಶಿಬಿರ ನಡೆಸುತ್ತಿದ್ದಾರೆ, ಹಿರಿಯೂರಿನ ನಮ್ಮ ಶಾಲೆಯಿಂದ ನಾಲ್ಕು ಮಕ್ಕಳು ಆಯ್ಕೆಯಾಗಿದ್ದಾರೆ, ವಿಜ್ಞಾನದ ಮೇಷ್ಟ್ರಾದ ನೀವೇ ಅವರ ಜೊತೆ ಹೋಗಬೇಕು ಎಂದು ಹೆಡ್‌ಮಾಸ್ಟರು ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಬೇಸರವೂ ಆಗಲಿಲ್ಲ. ಆರೋಗ್ಯದ ವಿಷಯದಲ್ಲಿ ನನಗೆ ಮೊದಲಿನಿಂದಲೂ ಆತ್ಮವಿಶ್ವಾಸ ಸ್ವಲ್ಪ ಹೆಚ್ಚೇ. ಬೋರ್ಡಿನ ಮೇಲೆ ನಾನು ಬಿಡಿಸುವ ಹೃದಯ ಪಠ್ಯಪುಸ್ತಕದ ಹೃದಯಕ್ಕಿಂತ ಚೆನ್ನಾಗಿರುತ್ತದೆ. ಹೊರಗೆ ಇಷ್ಟು ಚೆನ್ನಾಗಿ ಬಿಡಿಸುವವನಿಗೆ ಒಳಗಿರುವುದೂ ಚೆನ್ನಾಗಿಯೇ ಇರಬೇಕೆಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಆಗಾಗ ತಲೆನೋವು ಬರುತ್ತಿತ್ತು, ನಿಜ. ಒಂದು ಸಲ ಡಾಕ್ಟರಿಗೆ ತೋರಿಸಿ ಎಂದು ಹೆಂಡತಿ ಸುಮಿತ್ರಾ ಹೇಳಿದಾಗಲೆಲ್ಲ ನಾನು ಬಿಸಿಲನ್ನು ದೂರುತ್ತಿದ್ದೆ. ನಮ್ಮ ಸೀಮೆಯಲ್ಲಿ ಬಿಸಿಲಿನ ಮೇಲೆ ಏನು ಹೊರಿಸಿದರೂ ನಡೆಯುತ್ತದೆ.

ಶಿಬಿರದಲ್ಲಿ ಮಕ್ಕಳು ತಾವೇ ಒಂದು ಪ್ರಶ್ನೆ ಆರಿಸಿಕೊಂಡು ಉತ್ತರ ಹುಡುಕಬೇಕಿತ್ತು. ನಮ್ಮ ತಂಡದ ಮುಂದಾಳು ಜ್ಯೋತಿ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿ. ಪಾಠದ ನಡುವೆ ಪ್ರಶ್ನೆ ಕೇಳಿ ನನಗೆ ಕೆಮ್ಮು ಬರಿಸುವವಳು. ರಕ್ತದೊತ್ತಡ ಇದ್ದೂ ತಮಗೆ ಇದೆ ಎಂದು ಗೊತ್ತಿಲ್ಲದವರು ಒಂದು ಊರಿನಲ್ಲಿ ಎಷ್ಟು ಮಂದಿ ಇರಬಹುದು ಎಂಬುದು ಅವಳ ಪ್ರಶ್ನೆ. ಡಾಕ್ಟರಮ್ಮ ಒಬ್ಬರು ಮಕ್ಕಳಿಗೆ ಬಿಪಿ ಮಷೀನು ಕೊಟ್ಟು, ತೋಳಿಗೆ ಪಟ್ಟಿ ಸುತ್ತುವುದು ಹೇಗೆ, ಜನರ ಒಪ್ಪಿಗೆ ಕೇಳುವುದು ಹೇಗೆ, ಹೆಚ್ಚು ಬಂದರೆ ಗಾಬರಿಪಡಿಸದೆ ಹೇಳುವುದು ಹೇಗೆ ಎಂದೆಲ್ಲ ಕಲಿಸಿದರು. ಬಸ್ಸಿನಲ್ಲಿ ವಾಪಸು ಬರುವಾಗ ಐಮಂಗಲ ದಾಟುವವರೆಗೂ ನಾನೇ ರೋಗಿಯಾಗಿ ಕೂತು ಅವರಿಂದ ಮಾತು ಒಪ್ಪಿಸಿಕೊಂಡೆ. ಮಷೀನು ಮಾತ್ರ ಹಾಕಿಸಲಿಲ್ಲ. ಸುಮ್ಮನೆ ಬ್ಯಾಟರಿ ಖರ್ಚಾಗುತ್ತದೆ ಎಂದೆ.

ಯಲ್ಲದಕೆರೆ ಕಡೆಯ ಒಂದು ಹಟ್ಟಿಯನ್ನು ಆರಿಸಿಕೊಂಡೆವು. ಅಲ್ಲಿರುವವರೆಲ್ಲ ಕುರಿ ಸಾಕುವವರು. ಬೆಳಗಿನ ತಂಪಿನಲ್ಲೇ ಹೋಗಿ ಬೇವಿನಮರದ ಕಟ್ಟೆಯ ಮೇಲೆ ಮಷೀನು ಇಟ್ಟುಕೊಂಡು ಕೂತೆವು. ಜನ ಬಂದರು, ಸುತ್ತ ನಿಂತು ನೋಡಿದರು, ಆದರೆ ಒಬ್ಬರೂ ತೋಳು ಚಾಚಲಿಲ್ಲ. ಇದು ರಕ್ತ ತೆಗೆಯುವ ಮಷೀನಂತೆ ಎಂದು ಯಾರೋ ಅಂದರು. ಹಟ್ಟಿಯ ಹಿರಿಯ ಚಿಕ್ಕಣ್ಣನವರು ಮಾತ್ರ ಮಕ್ಕಳನ್ನು ಮುದ್ದಾಗಿ ಮಾತಾಡಿಸಿ, ಕುರಿಗೆ ಏನಾದರೂ ಔಷಧಿ ತಂದಿದ್ದೀರಾ ಎಂದು ಕೇಳಿದರು. ಇಲ್ಲ ಎಂದು ಗೊತ್ತಾದ ಮೇಲೆ ಅವರಿಗೂ ನಮ್ಮಲ್ಲಿ ಆಸಕ್ತಿ ಕಡಿಮೆಯಾಯಿತು.

ನಾನು ಎದ್ದು ನಿಂತು ಹೃದಯದ ಪಾಠ ಶುರುಮಾಡಿದೆ. ಎಡಭಾಗ, ಬಲಭಾಗ, ಕವಾಟ, ಎಲ್ಲ ಬಂದವು. ಇದ್ದ ಜನರೂ ಕರಗತೊಡಗಿದರು. ಒಪ್ಪದವರನ್ನು ಒತ್ತಾಯ ಮಾಡಬಾರದು ಎಂದು ಡಾಕ್ಟರಮ್ಮ ಹೇಳಿದ್ದನ್ನು ಜ್ಯೋತಿ ಮೆಲ್ಲಗೆ ನೆನಪಿಸಿ, ಮಷೀನನ್ನು ಚೀಲಕ್ಕೆ ಹಾಕಲು ಹೊರಟಳು. ಅವಳ ಮುಖ ಚಿಕ್ಕದಾಗಿತ್ತು. ಆಗ ಹಿಂದಿನ ಸಾಲಿನಲ್ಲಿ ಕುರಿಮರಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ ಕರಿಯಮ್ಮ ಎಂಬ ವಯಸ್ಸಾದ ಹೆಂಗಸು ಮುಂದೆ ಬಂದರು.

"ಅಷ್ಟು ಒಳ್ಳೇದಾದ್ರೆ ಮೊದಲು ಮೇಷ್ಟ್ರಿಗೆ ನೋಡ್ರಿ. ಅವರಿಗೇನೂ ಆಗ್ದಿದ್ರೆ ನಾವೂ ಕೈ ಕೊಡ್ತೀವಿ" ಅಂದರು.

ಕರಗಿದ ಜನ ಮತ್ತೆ ಸೇರಿತು. ನಾನು ಗತ್ತಿನಿಂದಲೇ ಅಂಗಿ ತೋಳು ಮಡಚಿ ಕೂತೆ. ಮಷೀನು ಗುಂಯ್ ಎಂದು ತೋಳು ಹಿಂಡಿ, ಬಿಟ್ಟು, ಅಂಕಿ ತೋರಿಸಿತು. ಜ್ಯೋತಿ ಅಂಕಿ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅಂಕಿ ನೋಡಿದಳು. ಆಮೇಲೆ ನಾನೇ ಬಸ್ಸಿನಲ್ಲಿ ಉರು ಹೊಡೆಸಿದ್ದ ಮಾತನ್ನು ಒಂದಕ್ಷರ ತಪ್ಪದೆ ನನಗೇ ಒಪ್ಪಿಸಿದಳು: "ಗಾಬರಿ ಆಗಬೇಡಿ. ಸ್ವಲ್ಪ ಹೊತ್ತು ಮಾತಾಡದೆ ಸುಮ್ಮನೆ ಕೂತ್ಕೊಳ್ಳಿ. ಇನ್ನೊಂದು ಸಲ ನೋಡೋಣ."

ಬಿಸಿಲು ಎಂದೆ. ಬೆಳಗಿನ ಹೊತ್ತು, ಅದರಲ್ಲೂ ಬೇವಿನ ನೆರಳು; ಯಾರೂ ನಂಬಲಿಲ್ಲ. ಎರಡನೇ ಸಲ ಅಂಕಿ ಇನ್ನೂ ಮೇಲೆ ಹೋಯಿತು. ಮೇಷ್ಟ್ರಿಗೆ ಬಿಪಿ ಐತಂತೆ ಎಂಬ ಸುದ್ದಿ ನನ್ನ ಕಣ್ಣೆದುರೇ ಹಟ್ಟಿಯ ಆ ತುದಿಗೆ ಮುಟ್ಟಿ ವಾಪಸು ಬಂತು. ಒಬ್ಬರು ನೀರು ತಂದರು, ಒಬ್ಬರು ಗಾಳಿ ಬೀಸಿದರು, ಉಪ್ಪಿನಕಾಯಿ ತಿನ್ನಬ್ಯಾಡ್ರಿ ಎಂದು ಚಿಕ್ಕಣ್ಣನವರು ಎಚ್ಚರಿಸಿದರು. ನಾನು ಒಂದು ಗಂಟೆ ಬಡಕೊಂಡರೂ ಆಗದಿದ್ದ ಕೆಲಸ ಆ ಅಂಕಿಯಿಂದ ಆಯಿತು. ಮೇಷ್ಟ್ರಿಗಿಂತ ತಮ್ಮದು ಹೆಚ್ಚೋ ಕಡಿಮೆಯೋ ಎಂದು ತಿಳಿಯುವ ಉಮೇದಿನಿಂದ ಇಡೀ ಹಟ್ಟಿ ಸಾಲು ನಿಂತಿತು. ಕಡಿಮೆ ಬಂದವರೆಲ್ಲ ನನ್ನತ್ತ ಕನಿಕರದಿಂದ ನೋಡಿ ಮುಂದೆ ಹೋದರು.

ಹೆಚ್ಚು ಬಂದದ್ದು ಕರಿಯಮ್ಮನವರಿಗೆ. ಮೇಷ್ಟ್ರನ್ನು ಸೋಲಿಸಿದೆ ಎಂದು ಅವರು ನಗುತ್ತಿದ್ದರು. ಜ್ಯೋತಿ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿ, ಡಾಕ್ಟರಮ್ಮನಿಗೆ ಫೋನು ಮಾಡಿದಳು. ತಲೆ ಸುತ್ತುತ್ತದೆಯೇ, ಕಣ್ಣು ಮಂಜಾಗುತ್ತದೆಯೇ ಎಂದು ಅವರು ಕೇಳಿಸಿದ್ದಕ್ಕೆಲ್ಲ ಕರಿಯಮ್ಮ ಹೂಂ ಅಂದರು. ಇವತ್ತೇ, ಈಗಲೇ ಹಿರಿಯೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಅಪ್ಪಣೆಯಾಯಿತು. ಕರಿಯಮ್ಮ ಒಪ್ಪಲಿಲ್ಲ. ಮರಿಗಳನ್ನು ಯಾರು ನೋಡುತ್ತಾರೆ, ನನಗೇನೂ ಆಗಿಲ್ಲ, ಇದೆಲ್ಲ ಬಿಸಿಲಿಗೆ ಎಂದರು. ಆ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದಾಗ ಅದೆಷ್ಟು ಪೊಳ್ಳು ಎಂದು ನನಗೆ ಮೊದಲ ಸಲ ಅನ್ನಿಸಿತು.

ಜ್ಯೋತಿ ಅವರ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. "ಅಜ್ಜಿ, ನಮ್ಮ ಸಾರೂ ಬರ್ತಾರೆ. ಇಬ್ರೂ ಜೊತೇಲಿ ತೋರಿಸ್ಕೊಂಡು ಬರ್ರಿ."

ನಾನು ಹಾಗೆ ಹೇಳಿರಲಿಲ್ಲ. ನಿಂಬೆಹಣ್ಣಿನ ಪಾನಕ ಕುಡಿದು, ಸುಮಿತ್ರಾಗೆ ಗೊತ್ತಾಗದ ಹಾಗೆ ಇದನ್ನೆಲ್ಲ ಮುಗಿಸಿಬಿಡಬೇಕೆಂದು ಯೋಚನೆ ಮಾಡಿದ್ದೆ. ಆದರೆ ಕರಿಯಮ್ಮ ನನ್ನ ಮುಖವನ್ನೇ ನೋಡುತ್ತ, "ಮೇಷ್ಟ್ರು ಬಂದ್ರೆ ಬರ್ತೀನಿ" ಅಂದರು. ಮರಿಗಳ ಹೊಣೆ ಚಿಕ್ಕಣ್ಣನವರು ಹೊತ್ತರು. ಆಟೋ ಬಂತು.

ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಅಕ್ಕಪಕ್ಕ ಕೂತೆವು. ಕರಿಯಮ್ಮನವರನ್ನು ಎರಡು ದಿನ ಅಲ್ಲೇ ಇಟ್ಟುಕೊಂಡರು. ಇನ್ನೂ ಹೀಗೇ ಬಿಟ್ಟಿದ್ದರೆ ಲಕ್ವ ಹೊಡೆಯುವ ಅಪಾಯವಿತ್ತು ಎಂದು ಡಾಕ್ಟರು ಹೇಳಿದಾಗ ಜ್ಯೋತಿ ಗೋಡೆಗೆ ಒರಗಿ ಅತ್ತುಬಿಟ್ಟಳು. ನನಗೂ ಮಾತ್ರೆ ಬರೆದರು. ಸುಮಿತ್ರಾಗೆ ನಾನು ಹೇಳುವ ಮೊದಲೇ ಎದುರುಮನೆಯವರು ಹೇಳಿ ಆಗಿತ್ತು. ಅವಳು ನೇರವಾಗಿ ಅಡುಗೆಮನೆಗೆ ಹೋದಳು. ಹಪ್ಪಳದ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು.

ಶಿಬಿರದ ಕೊನೆಯ ದಿನ ದುರ್ಗದಲ್ಲಿ ಮಕ್ಕಳು ತಾವು ಕಂಡದ್ದನ್ನು ವೇದಿಕೆಯ ಮೇಲೆ ಹೇಳಿದರು. ಇಡೀ ಹಟ್ಟಿಯನ್ನು ಒಪ್ಪಿಸಿದ ವಿಧಾನ ಯಾವುದು ಎಂದು ಒಬ್ಬ ಹಿರಿಯ ಡಾಕ್ಟರು ಕೇಳಿದ್ದಕ್ಕೆ ಜ್ಯೋತಿ, "ಮೊದಲು ನಮ್ಮ ಸಾರ್‌ಗೆ ನೋಡಿದ್ವಿ" ಎಂದಳು. ಸಭೆ ಚಪ್ಪಾಳೆ ಹೊಡೆಯಿತು. ನಾನು ಎದ್ದು ಕೈ ಮುಗಿದೆ. ನನ್ನ ಇಷ್ಟು ವರ್ಷದ ಪಾಠಕ್ಕೆ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ.

ಇದರಿಂದ ನನಗೊಂದು ಹೆಸರು ಬಂತು. ಮರುವರ್ಷ ಹೊಳಲ್ಕೆರೆ ಕಡೆಯ ಶಾಲೆಯ ಮೇಷ್ಟ್ರೊಬ್ಬರು ಫೋನು ಮಾಡಿ, ನಮ್ಮ ಹಳ್ಳಿಯಲ್ಲೂ ಜನ ಒಪ್ಪುತ್ತಿಲ್ಲ, ನೀವು ಬಂದು ಮೊದಲು ಕೂತರೆ ದೊಡ್ಡ ಉಪಕಾರ ಎಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ. ಊರೆಲ್ಲ ಸೇರಿತ್ತು. ಮಷೀನು ಗುಂಯ್ ಎಂದು, ಹಿಂಡಿ, ಬಿಟ್ಟು, ಅಂಕಿ ತೋರಿಸಿತು. ವರ್ಷವಿಡೀ ನುಂಗಿದ ಮಾತ್ರೆ, ಬೆಳಗಿನ ನಡಿಗೆ, ಸುಮಿತ್ರಾಳ ಸಪ್ಪೆ ಸಾರು ಎಲ್ಲ ಸೇರಿ ಅಂಕಿ ಎಲ್ಲಿರಬೇಕೋ ಅಲ್ಲಿತ್ತು. ಮೇಷ್ಟ್ರೇ ಚೆನ್ನಾಗವ್ರೆ, ನಮಗೇನಾಗಿರ್ತೈತೆ ಎನ್ನುತ್ತ ಜನ ಮನೆಗೆ ಹೊರಟರು. ಕರಿಯಮ್ಮನವರ ಕಥೆಯನ್ನು ಅವಸರದಲ್ಲಿ ಹೇಳಿ ಹತ್ತಾರು ಮಂದಿಯನ್ನು ಹೇಗೋ ತಡೆದು ಕೂರಿಸಬೇಕಾಯಿತು.

ಬಸ್ಸು ಹತ್ತಿಸುವಾಗ ಆ ಮೇಷ್ಟ್ರು ಸಂಕೋಚದಿಂದ, "ತಪ್ಪು ತಿಳೀಬ್ಯಾಡ್ರಿ ಸಾರ್, ಇವತ್ತೊಂದಿನ ಮಾತ್ರೆ ಬಿಟ್ಟು ಬಂದಿದ್ರೆ ಚೆನ್ನಾಗಿರ್ತಿತ್ತೇನೋ" ಅಂದರು. ಹಾಗೆಲ್ಲ ಮಾಡಬಾರದು, ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು ಎಂದು ಅವರಿಗೆ ಗಟ್ಟಿಯಾಗಿಯೇ ಬುದ್ಧಿ ಹೇಳಿದೆ. ಜನ ಎದ್ದು ಹೋಗುತ್ತಿದ್ದಾಗ, ತೋಳಿಗೆ ಪಟ್ಟಿ ಸುತ್ತಿಕೊಂಡು ಒಬ್ಬನೇ ಕೂತಿದ್ದ ನನಗೂ ಅದೇ ಅನ್ನಿಸಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ.